ಸುಮ್ಮನೆ ನೀರಿಗೆ ಹೋದವಳು

ಇನ್ನೂ ಸ್ವಲ್ಪ ಹತ್ತಿರಕ್ಕೆ ಸರಿಯಿರಿ. ದನಿ ಏರಿಸಬೇಡಿ, ಗೋಡೆಯಾಚೆಯವರಿಗೆ ಬೇರೆ ಕೆಲಸವಿಲ್ಲ. ಈ ಮಾತು ಕಿವಿಯಿಂದ ಹೊಟ್ಟೆಗೆ ಇಳಿಯಬೇಕು, ಹೊಟ್ಟೆಯಿಂದ ಮತ್ತೆ ಬಾಯಿಗೆ ಹತ್ತಬಾರದು. ಗಂಡನಿಗೆ ಹೇಳಕೂಡದು. ಗಂಡನ ಅಕ್ಕನಿಗಂತೂ ಸುತರಾಂ ಕೂಡದು. ಯಾರಿಗೂ ಹೇಳುವುದಿಲ್ಲ ಅಂತ ಬಾಯಿಬಿಟ್ಟು ಅನ್ನಿ. ಅಂದಿರಾ? ಹಾಗಾದರೆ ಕೇಳಿ.

ಒಂದು ಊರು. ಊರ ಮುಂದೆ ನೀರು. ಅದು ಕೆರೆಯೋ, ಹೊಳೆ ಬಂದು ನಿಂತದ್ದೋ, ಕೇಳಿದವರಿಲ್ಲ. ಊರಿನವರು ನೀರು ಅಂತಲೇ ಅನ್ನುತ್ತಾರೆ. ಈ ದಡದಲ್ಲಿ ನಿಂತರೆ ಆ ದಡದ ಮರಗಳು ಸಾಸಿವೆ ಕಾಳಿನ ಹಾಗೆ ಕಾಣುತ್ತವೆ. ನಡುವೆ ಒಂದು ಜೊಂಡಿನ ದಿಬ್ಬ, ಅದರ ಮೇಲೆ ಬಿಳಿ ಹಕ್ಕಿಗಳು.

ಬಲೆಯವರು ನೀರಿಗೆ ಹೋಗುತ್ತಾರೆ. ಅವರಿಗೆ ಕಟ್ಟಳೆಯಿಲ್ಲ. ಹೊಟ್ಟೆ ಅವರನ್ನು ಕಳಿಸುತ್ತದೆ, ಹೊಟ್ಟೆಯೇ ವಾಪಸು ಕರೆತರುತ್ತದೆ. ಆದರೆ ಸುಮ್ಮನೆ ಹೋಗುವವರಿದ್ದಾರೆ. ಮೀನಿಗಲ್ಲ, ಸೌದೆಗಲ್ಲ, ಸಂತೆಗಲ್ಲ. ನೀರಿನ ಮೇಲೆ ಇರುವುದಕ್ಕೆ ಅಂತಲೇ ಹೋಗುವವರು. ಹುಟ್ಟು ನೀರಿಗೆ ಇಳಿದಾಗ ಆಗುವ ಸದ್ದು ಕೇಳುವುದಕ್ಕೆ ಹೋಗುವವರು. ಕಟ್ಟಳೆ ಇರುವುದು ಅಂಥವರಿಗೆ.

ಸುಮ್ಮನೆ ಹೋಗುವವರು ಮೊದಲು ಪಕ್ಕದ ಮನೆಯ ಹೊಸಿಲಿಗೆ ಹೋಗಬೇಕು. ಹೋಗಿ ಅನ್ನಬೇಕು: "ನಾನು ಸುಮ್ಮನೆ ನೀರಿಗೆ ಹೋಗುತ್ತೇನೆ. ಇಂಥ ಕಡೆಗೆ ಹೋಗುತ್ತೇನೆ. ಇಂಥ ಹೊತ್ತಿಗೆ ಬರುತ್ತೇನೆ. ನಿನ್ನ ಒಲೆ ಆರಿಸು." ಪಕ್ಕದ ಮನೆಯವರು ಒಂದು ಚೊಂಬು ನೀರು ತಂದು ಉರಿಯುವ ಒಲೆಗೆ ಹೊಯ್ಯಬೇಕು. ಹೊಯ್ದು ಅನ್ನಬೇಕು: "ಆರಿಸಿದೆ. ಹೋಗಿ ಬಾ."

ತಿರುಗಿ ಬಂದವರು ದಡದಲ್ಲಿ ಕೈ ಅದ್ದಿ, ಆ ಒದ್ದೆ ಕೈಯನ್ನು ಅದೇ ಒಲೆಯ ಕಲ್ಲಿನ ಮೇಲೆ ಇಡಬೇಕು. ಇಟ್ಟು ಅನ್ನಬೇಕು: "ಬಂದೆ. ಹೊತ್ತಿಸು." ಆಗ ಒಲೆ ಹೊತ್ತುತ್ತದೆ, ಆಗ ಆ ಮನೆಯವರ ಬಾಯಿಗೆ ತುತ್ತು. ಅಲ್ಲಿಯವರೆಗೆ ಇನ್ನೊಬ್ಬರ ಮನೆಯ ಅನ್ನವನ್ನೂ ಮುಟ್ಟುವಂತಿಲ್ಲ. ಒದ್ದೆ ಕೈ ಬೀಳದೆ ಒಲೆ ಹೊತ್ತಿಸಿದರೆ ಹೋದವರು ಸತ್ತರು ಅಂತ ಡಂಗುರ ಸಾರಿದ ಹಾಗೆ. ಒದ್ದೆ ಕೈ ಬಿದ್ದರೂ ಒಲೆ ಹೊತ್ತದಿದ್ದರೆ, ಹೋದವರು ಊರೊಳಗೆ ಓಡಾಡುತ್ತಿದ್ದರೂ ಇನ್ನೂ ನೀರಿನ ಮೇಲೇ ಇದ್ದಾರೆ ಅಂತಲೇ ಎಣಿಕೆ. ಅವರನ್ನು ಯಾರೂ ಕೂಗಿ ಕರೆಯುವುದಿಲ್ಲ, ಅವರು ಕರೆದರೆ ಯಾರೂ ಓಗೊಡುವುದಿಲ್ಲ.

ಇದೆಂಥ ಕಟ್ಟಳೆ ಅನ್ನುತ್ತೀರಿ. ಹಿಂದಿನವರು ದಡ್ಡರಲ್ಲ. ಉಂಡವರಿಗೆ ನಿದ್ದೆ ಬರುತ್ತದೆ, ನಿದ್ದೆ ಬಂದವರಿಗೆ ಮರೆವು ಬರುತ್ತದೆ. ಹಸಿದವರು ಮರೆಯುವುದಿಲ್ಲ. ನೀನು ಸುಖಕ್ಕೆ ಅಂತ ನೀರಿಗೆ ಹೋದರೆ ದಡದಲ್ಲಿ ನಿನಗಾಗಿ ಒಂದು ಹೊಟ್ಟೆ ಹಸಿದಿರಬೇಕು. ಅಷ್ಟೇ ಅದರ ಅರ್ಥ.

ಆ ಊರಿನಲ್ಲಿ ಒಬ್ಬ ದೋಣಿಯವಳು. ಒಬ್ಬಳೇ ಇದ್ದಳು. ಗಂಡ ಸತ್ತ ಅನ್ನುವವರಿದ್ದರು, ಬಿಟ್ಟು ಹೋದ ಅನ್ನುವವರಿದ್ದರು. ಇವಳ ಕೈಯ ಚುರುಕು ನೋಡಿ ಹೆದರಿ ಓಡಿದ ಅನ್ನುವವರೂ ಇದ್ದರು, ಅವರ ಬಾಯಿಗೆ ಮಣ್ಣು ಹಾಕ. ಆದರೆ ನೀರಿನ ವಿಷಯದಲ್ಲಿ ಅವಳಿಗೆ ಕೊಡಬೇಕಾದ ಮರ್ಯಾದೆ ಕೊಡಬೇಕು. ದೋಣಿ ಇಳಿಸುವ ಮೊದಲು ಅದರ ಹೊಟ್ಟೆಯನ್ನೆಲ್ಲ ಅಂಗೈಯಿಂದ ಸವರುತ್ತಿದ್ದಳು, ಎಲ್ಲಿ ಜಿನುಗುತ್ತದೆ ಎಲ್ಲಿ ಬಿರಿದಿದೆ ಅಂತ. ಒಂದು ಹುಟ್ಟಿಗೆ ಎರಡು ಹುಟ್ಟು ಒಯ್ಯುತ್ತಿದ್ದಳು. ನೀರು ಮೊಗೆಯುವುದಕ್ಕೆ ಕರಟ, ಎಸೆಯುವುದಕ್ಕೆ ಹಗ್ಗ, ಸೊಂಟಕ್ಕೆ ಒಣಗಿದ ಸೋರೆಬುರುಡೆ. "ಈಜು ಬರುವವಳಿಗೆ ಬುರುಡೆ ಯಾಕೆ?" ಅಂತ ಪೋಲಿಗಳು ಕೇಳಿದರೆ, "ಈಜು ನನಗೆ ಬರುತ್ತೆ, ಪ್ರಜ್ಞೆ ತಪ್ಪಿದ ನನಗೆ ಬರುತ್ತಾ?" ಅನ್ನುತ್ತಿದ್ದಳು. ಹದ್ದು ಯಾವ ಎತ್ತರದಲ್ಲಿ ತೇಲುತ್ತಿದೆ ನೋಡುತ್ತಿದ್ದಳು. ಜೊಂಡು ಯಾವ ಕಡೆಗೆ ತಲೆ ಬಾಗಿಸಿದೆ ನೋಡುತ್ತಿದ್ದಳು. ಬಲೆ ಬಿಟ್ಟ ದೋಣಿ ಎದುರಾದರೆ ತಾನೇ ಬಳಸಿಕೊಂಡು ಹೋಗುತ್ತಿದ್ದಳು. ದೋಣಿಯಲ್ಲಿ ಎಂದೂ ಎದ್ದು ನಿಂತವಳಲ್ಲ. ಅವಳು ಹುಟ್ಟು ಹಾಕಿದರೆ ನೀರು ಕಲಕುತ್ತಿರಲಿಲ್ಲ, ದಾರಿ ಬಿಡುತ್ತಿತ್ತು. ನೀರಿಗೇ ಈಜು ಕಲಿಸಿದವಳು ಅಂತ ಊರು ಅವಳನ್ನು ಹೊಗಳುತ್ತಿತ್ತು. ಹೊಗಳಿ ಹೊಗಳಿ ಕೆಡಿಸಿತು ಅಂತಲೂ ಅನ್ನಬಹುದು.

ಅವಳ ಪಕ್ಕದ ಮನೆಯವಳು ಜಗಳಗಂಟಿ. ಸೊಸೆ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಸೊಸೆಯ ಹಿಂದೆ ಮಗನೂ ಹೋದ, ಅಂಥ ನಾಲಿಗೆ. ಇಬ್ಬರ ಮನೆಗೂ ಗೋಡೆ ಒಂದೇ. ಗೋಡೆಯ ಮೇಲೆ ಒಂದು ಹೀರೇಬಳ್ಳಿ. ಬೇರು ದೋಣಿಯವಳ ಅಂಗಳದಲ್ಲಿ, ಕಾಯಿ ಜಗಳಗಂಟಿಯ ಅಂಗಳದಲ್ಲಿ. ಯಾರು ಯಾರ ಕಾಯಿ ಕಿತ್ತರೋ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಬಾವಿಯಲ್ಲಿ ಎದುರಾದರೆ ಒಬ್ಬಳು ಆಕಾಶ ನೋಡುವಳು, ಇನ್ನೊಬ್ಬಳು ಹಗ್ಗ ನೋಡುವಳು. ಆದರೆ ಕಟ್ಟಳೆಯ ಮಾತಿಗೆ ಜಗಳ ಅಡ್ಡ ಬರುವಂತಿಲ್ಲ.

"ಆರಿಸು."

"ಆರಿಸಿದೆ. ಹೋಗಿ ಬಾ."

"ಬಂದೆ. ಹೊತ್ತಿಸು."

ಇಷ್ಟು ಮಾತಿನಲ್ಲೇ ಆ ಎರಡು ಮನೆಗಳ ನಡುವಿನ ಬದುಕು ನಡೆಯುತ್ತಿತ್ತು.

ದೋಣಿಯವಳು ಒಲೆ ಆರಿಸಲು ಹೇಳುವುದಕ್ಕೆ ಹೋಗುತ್ತಿದ್ದ ಹೊತ್ತನ್ನೂ ಹೇಳಿಬಿಡುತ್ತೇನೆ. ಪಕ್ಕದ ಮನೆಯಲ್ಲಿ ಅನ್ನ ಕುದಿ ಬಂದ ವಾಸನೆ ಗೋಡೆ ದಾಟಿ ಬರಬೇಕು, ಆಗ ಇವಳಿಗೆ ನೀರಿನ ನೆನಪಾಗುತ್ತಿತ್ತು. ಬೇಕಂತಲೇ ಮಾಡುತ್ತಿದ್ದಳು ಅಂತ ನಾನು ಅನ್ನುವುದಿಲ್ಲ. ಊರು ಅನ್ನುತ್ತಿತ್ತು.

ಅವತ್ತೂ ಹಾಗೆಯೇ ಆಯಿತು. ಹೊಸಿಲಿನಲ್ಲಿ ನಿಂತು ಅಂದಳು: "ಸುಮ್ಮನೆ ನೀರಿಗೆ ಹೋಗುತ್ತೇನೆ. ಜೊಂಡಿನ ದಿಬ್ಬದ ಕಡೆಗೆ ಹೋಗುತ್ತೇನೆ. ಹೊತ್ತು ಇಳಿಯುವ ಮೊದಲು ಬರುತ್ತೇನೆ. ನಿನ್ನ ಒಲೆ ಆರಿಸು." ಪಕ್ಕದ ಮನೆಯವಳು ಅರೆಬೆಂದ ಅನ್ನದ ಕಡೆಗೆ ಒಮ್ಮೆ ನೋಡಿದಳು. ಇವಳ ಮುಖ ನೋಡಲಿಲ್ಲ. ಚೊಂಬು ಎತ್ತಿ ಹೊಯ್ದಳು. ಚೊಯ್ ಅಂತ ಹೊಗೆ ಎದ್ದಿತು. "ಆರಿಸಿದೆ. ಹೋಗಿ ಬಾ."

ನೀರು ಅವತ್ತು ಹಾಸಿದ ಪಟ್ಟೆ ಸೀರೆಯ ಹಾಗಿತ್ತು. ದೋಣಿಯವಳು ದಿಬ್ಬ ಮುಟ್ಟಿದಳು, ಹಕ್ಕಿ ಎಬ್ಬಿಸದೆ ಸುತ್ತಿದಳು. ವಾಪಸಿಗೆ ದೋಣಿಯ ಮೂತಿ ತಿರುಗಿಸಿದಾಗ ಜೊಂಡು ತಲೆ ಬಾಗಿಸುವ ದಿಕ್ಕು ಬದಲಾಗಿತ್ತು. ಗಾಳಿ ಊರಿನ ಕಡೆಯಿಂದ ಎದ್ದಿತ್ತು. ಇನ್ನೊಬ್ಬರಾಗಿದ್ದರೆ ಮನೆ ಕಾಣುತ್ತದೆ ಅಂತ ಗಾಳಿಗೆ ಎದುರಾಗಿ ಹುಟ್ಟು ಹಾಕಿ, ಕೈ ಸೋತು, ಅಡ್ಡ ಬಿದ್ದು, ಅಲೆಗೆ ಪಕ್ಕೆ ಕೊಟ್ಟು ಮುಳುಗುತ್ತಿದ್ದರು. ಅವಳು ಹಟ ಮಾಡಲಿಲ್ಲ. ಗಾಳಿಯ ಕೂಡ ಜಗಳ ಮಾಡಿ ಗೆದ್ದವರಿಲ್ಲ ಅಂತ ಅವಳಿಗೆ ಗೊತ್ತಿತ್ತು. ದೋಣಿಯ ತಳದಲ್ಲಿ ಕೂತಳು, ಗಾಳಿಗೆ ಬೆನ್ನು ಕೊಟ್ಟಳು, ಒಂದು ಕೈಯಲ್ಲಿ ಹುಟ್ಟು ಹಿಡಿದು ದಾರಿ ಕಾಯ್ದಳು, ಒಂದು ಕೈಯಲ್ಲಿ ನೀರು ಮೊಗೆದಳು. ಅಲೆ ಎತ್ತಿತು, ಇಳಿಸಿತು. ಎತ್ತಿತು, ಇಳಿಸಿತು. ಆಚೆ ದಡಕ್ಕೆ, ಮೈಗೆ ಗೀರು ಬೀಳದ ಹಾಗೆ, ದೋಣಿ ಬಂದು ತಾಗಿತು.

ಇಲ್ಲಿಯವರೆಗೆ ಅವಳದ್ದು ಒಂದೂ ತಪ್ಪಿಲ್ಲ. ನೀರಿನ ಮೇಲೆ ಅವಳು ತಪ್ಪು ಮಾಡಿದ್ದನ್ನು ನೀರೂ ನೋಡಿಲ್ಲ.

ಆಚೆ ದಡದಲ್ಲಿ ಕಟ್ಟಳೆಯಿಲ್ಲ. ಅಲ್ಲಿನವರು ನೀರಿಗೆ ಬೆನ್ನು ಮಾಡಿ ಮನೆ ಕಟ್ಟಿಕೊಂಡವರು. ದಡದ ಮೊದಲ ಮನೆಯಲ್ಲಿ ಅವತ್ತು ಮಗುವನ್ನು ತೊಟ್ಟಿಲಿಗೆ ಹಾಕುತ್ತಿದ್ದರು. ಮನೆಯೊಡತಿ ಇವಳನ್ನು ಕಂಡವಳೇ, "ಅಯ್ಯೋ, ತೊಪ್ಪೆಯಾಗಿದ್ದೀಯಲ್ಲೇ ತಾಯಿ, ಒಳಗೆ ಬಾ. ತೊಟ್ಟಿಲ ಹೊತ್ತಿಗೆ ಬಂದ ಮುತ್ತೈದೆ ನೀನು" ಅಂದಳು. ಇವಳು ಮುತ್ತೈದೆ ಹೌದೋ ಅಲ್ಲವೋ, ಆ ಮನೆಯವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಒಣ ಸೀರೆ ಕೊಟ್ಟರು. ಅರಿಶಿನ ಕುಂಕುಮ ಕೊಟ್ಟರು. ಬಾಳೆ ಎಲೆ ಹಾಕಿದರು. ಅನ್ನದ ಮೇಲೆ ಹಬೆ ಆಡುತ್ತಿತ್ತು.

ಆಮೇಲೆ ಊರು ಏನೇನೋ ಆಡಿಕೊಂಡಿತು. ಆಚೆ ದಡದಲ್ಲಿ ಗಂಡಸೊಬ್ಬ ಇದ್ದ ಅಂತ, ಇಬ್ಬರು ಇದ್ದರು ಅಂತ. ಛೆ, ಗಂಡಸಿನ ವಿಷಯ ಆಗಿದ್ದರೆ ಊರು ಒಂದು ಮಾಗಿಕಾಲ ಅಗಿದು ಉಗಿದುಬಿಡುತ್ತಿತ್ತು. ಇದು ಅದಕ್ಕಿಂತ ಕೆಟ್ಟದ್ದು. ಬಿಸಿ ಅನ್ನ.

ಗಾಳಿ ಇಳಿದಾಗ ಇನ್ನೂ ಬೆಳಕಿತ್ತು. ಗಾಳಿಗೆ ಸಿಕ್ಕಿ ಅದೇ ದಡಕ್ಕೆ ಬಂದಿದ್ದ ಬಲೆಯವನೊಬ್ಬ ತಿರುಗಿ ಹೊರಟಿದ್ದ. ಊರಿನ ತುದಿಯ ಬಲೆಯವರ ಕೇರಿ ಅವನದು. ಬಾಗಿಲಲ್ಲಿ ನಿಂತು ಕರೆದ. "ಅಕ್ಕಾ, ಗಾಳಿ ಇಳೀತು. ಜೊತೆಗೆ ಬರ್ತೀರಾ?"

ಎಲೆಯ ಮೇಲೆ ಆಗ ತಾನೆ ಹೋಳಿಗೆ ಬಿದ್ದಿತ್ತು, ಹೋಳಿಗೆಯ ಮೇಲೆ ತುಪ್ಪ. "ನಾಳೆ ಬರ್ತೀನಿ ಕಣಪ್ಪ. ಇವರು ಬಿಡ್ತಾ ಇಲ್ಲ" ಅಂದಳು.

"ಹಂಗಾದ್ರೆ ಅಲ್ಲಿ ಏನಾದ್ರೂ ಹೇಳಬೇಕಾ?"

ಆಗ ಅವಳಿಗೆ ಚೊಯ್ ಅಂದ ಸದ್ದು ನೆನಪಾಯಿತು. ಹೌದು, ನೆನಪಾಯಿತು. ಮರೆತಳು ಅಂದರೆ ನಂಬಬೇಡಿ. ಗೋಡೆ ನೆನಪಾಯಿತು, ಹೀರೇಬಳ್ಳಿ ನೆನಪಾಯಿತು, ಬಾವಿಕಟ್ಟೆಯಲ್ಲಿ ಆಕಾಶ ನೋಡುವ ಮುಖ ನೆನಪಾಯಿತು. ಒಂದು ಹೊತ್ತು ಹೊಟ್ಟೆ ಖಾಲಿಯಿದ್ದರೆ ಅವಳ ನಾಲಿಗೆಯ ಕೊಬ್ಬೇನೂ ಕರಗುವುದಿಲ್ಲ ಅಂತ ಮನಸ್ಸಿನಲ್ಲಿ ಅಂದುಕೊಂಡಳು. ಬಾಯಲ್ಲಿ, "ಏನು ಹೇಳೋದು, ನಾನೇ ಹೋಗ್ತೀನಲ್ಲ" ಅಂದಳು.

ಕೊಡದ ಮಾತನ್ನು ಒಯ್ಯುವುದು ಕಳವು ಅನ್ನುವುದು ಬಲೆಯವರ ನಡತೆ. ಅವನು ಬರಿಗೈಯಲ್ಲಿ ಬಂದ ಹಾಗೆ ಬರಿಬಾಯಲ್ಲಿ ಹೋದ.

ಮಾರನೆಯ ದಿನ ಎಲೆಯಡಿಕೆ ಹಾಕಿಕೊಂಡು, ಹೋಳಿಗೆಯ ಪೊಟ್ಟಣ ಕಟ್ಟಿಸಿಕೊಂಡು, ದೋಣಿಯ ಹೊಟ್ಟೆ ಸವರಿ, ಸೊಂಟಕ್ಕೆ ಬುರುಡೆ ಕಟ್ಟಿ ಹೊರಟಳು. ಹದ್ದು ನೋಡಿದಳು, ಜೊಂಡು ನೋಡಿದಳು. ಎಲ್ಲ ನೆಟ್ಟಗಿತ್ತು. ಅಲೆ ಸಣ್ಣದು, ಮೈ ಸವರುವ ಹಾಗೆ ಒಂದು ಎಳೆಗಾಳಿ. ನಡುನೀರಿಗೆ ಬರುವಷ್ಟರಲ್ಲಿ ಅದೇ ಬಲೆಯವನ ದೋಣಿ ಎದುರಾಯಿತು. ಅದರಲ್ಲಿ ಬಲೆಯಿರಲಿಲ್ಲ. ಬಲೆಯಿಲ್ಲದ ಬಲೆಯವನನ್ನು ನೀರಿನ ಮೇಲೆ ಕಂಡರೆ ಅವನು ಯಾರನ್ನೋ ಹುಡುಕುತ್ತಿದ್ದಾನೆ ಅಂತಲೇ ಅರ್ಥ.

"ಅಕ್ಕಾ, ದಾರೀಲಿ ಒಂದು ಹರಿಗೋಲು ಕಂಡಿರಾ?"

"ಯಾರ ಹರಿಗೋಲು?"

"ದಡದ ಕಟ್ಟೆ ಮೇಲೆ ಕವುಚಿ ಹಾಕಿತ್ತಲ್ಲ, ಆ ಹಳೇದು. ನಿಮ್ಮ ಪಕ್ಕದ ಮನೆಯಮ್ಮ ಹತ್ತಿಕೊಂಡು ಹೋಗ್ಯವರೆ. ನಿಮ್ಮನ್ನ ಹುಡುಕಕ್ಕೆ."

ದೋಣಿಯವಳು ನಗಲು ಹೋದಳು. "ಅವಳಿಗೆ ಬಾವಿ ನೀರು ಸೇದಕ್ಕೇ ಬರಲ್ಲ."

"ಅದಕ್ಕೇ ಕೇಳ್ತಿರೋದು."

ಅವನು ಹುಟ್ಟು ಎತ್ತಿ ಮಡಿಲಲ್ಲಿ ಇಟ್ಟುಕೊಂಡು ಹೇಳಿದ. ಹೊತ್ತು ಇಳಿದಾಗ ಪಕ್ಕದ ಮನೆಯವಳು ದಡಕ್ಕೆ ಬಂದು ನಿಂತಳಂತೆ. ಕಂಡ ಜನರೆಲ್ಲ, "ಅವಳಿಗೇನಾಗುತ್ತೆ, ನೀರಿಗೇ ಈಜು ಕಲಿಸಿದವಳು" ಅಂದರಂತೆ. ಅನ್ನುತ್ತ ಅನ್ನುತ್ತ ಮನೆಗೆ ಹೋಗಿ ಉಂಡರಂತೆ. ಉಂಡ ಮೇಲೆ ನಿದ್ದೆ ಬಂತು. ಬೆಳಗಾದ ಮೇಲೆ ಊರ ಯಜಮಾನ, "ಒಲೆ ಹೊತ್ತಿಸಿಕೊಳ್ಳಮ್ಮ, ಹೋದವಳು ಹೋದಳು, ನೀನು ಯಾಕೆ ಒಣಗ್ತೀಯ" ಅಂದನಂತೆ. ಅದಕ್ಕೆ ಅವಳು, "ಹೊತ್ತಿಸಿದರೆ ಅವಳನ್ನು ಸಾಯಿಸಿದ ಹಾಗೆ. ನನ್ನ ಕೈಯಲ್ಲಿ ಅವಳು ಸಾಯೋದು ಬೇಡ. ಸತ್ತ ಮೇಲೂ ಹೀರೇಕಾಯಿ ಕೇಳಕ್ಕೆ ಬರ್ತಾಳೆ" ಅಂದಳಂತೆ. ಜನ ನಕ್ಕರಂತೆ. ಅವಳು ನಗಲಿಲ್ಲವಂತೆ.

"ಆಮೇಲೆ ನಿಮ್ಮ ಬಾಗಿಲಿಗೆ ಬಂದರಂತೆ ಅಕ್ಕಾ. ಬೀಗ ಹಾಕಿದ ಬಾಗಿಲಿಗೆ. ಅವರ ಒಲೆ ನಿಮಗಾಗಿ ಆರಿದ್ದರೆ, ನೀರಿಗೆ ಇಳಿಯೋ ಅವರಿಗಾಗಿ ನಿಮ್ಮ ಒಲೆ ಆರಬೇಕಲ್ಲ. ಹೊಸಿಲಲ್ಲಿ ನಿಂತು ಬೀಗದ ಕೂಡ ಅಂದರಂತೆ: 'ನೀರಿಗೆ ಹೋಗ್ತೀನಿ. ನೀನು ಎಲ್ಲಿದ್ದೀಯೋ ಆ ಕಡೆಗೆ ಹೋಗ್ತೀನಿ. ನೀನು ಸಿಕ್ಕ ಹೊತ್ತಿಗೆ ಬರ್ತೀನಿ. ನಿನ್ನ ಒಲೆ ಆರಿಸು.' ಹೋಗಿ ಬಾ ಅನ್ನೋರು ಒಳಗೆ ಯಾರೂ ಇರಲಿಲ್ಲವಲ್ಲ. ಸ್ವಲ್ಪ ಹೊತ್ತು ಕಾದು, ಹಂಗೇ ಹೋದರಂತೆ. ನಾನು ಕೇರಿಯಿಂದ ಬರೋಷ್ಟರಲ್ಲಿ ಹರಿಗೋಲು ಚುಕ್ಕೆಯಾಗಿತ್ತು. ಅಕ್ಕ ಆಚೆ ದಡದಲ್ಲಿ ಚೆನ್ನಾಗವರೆ ಅಂತ ಕೂಗಿದೆ. ಕೇಳಲಿಲ್ಲ."

ದೋಣಿಯವಳ ಬಾಯಲ್ಲಿದ್ದ ಎಲೆಯಡಿಕೆ ಕಹಿಯಾಯಿತು. ಉಗಿಯುವುದಕ್ಕೂ ಅವಳಿಗೆ ಹೊಳೆಯಲಿಲ್ಲ.

"ನೀನು ಕಟ್ಟೆಯ ಕಡೆಯಿಂದ ಬಳಸು. ನಾನು ದಿಬ್ಬದ ಕಡೆಯಿಂದ ಬಳಸ್ತೀನಿ" ಅಂದಳು. ದಿಬ್ಬಕ್ಕೇ ಹೋಗಿರುತ್ತಾಳೆ, ತಾನು ದಿಬ್ಬ ಅಂದಿದ್ದೆನಲ್ಲ. ಆ ಒಂದು ಮಾತು ಹಿಡಿದುಕೊಂಡು ಹೋಗಿರುತ್ತಾಳೆ ಅಂತ ಮನಸ್ಸಿನಲ್ಲಿ ಅಂದುಕೊಂಡಳು.

ಹುಟ್ಟು ಇಳಿಯಿತು, ಎದ್ದಿತು. ಇಳಿಯಿತು, ಎದ್ದಿತು. ಆ ಸದ್ದಿಗೆಂದೇ ಅವಳು ನೀರಿಗೆ ಬರುತ್ತಿದ್ದಳು. ಅವತ್ತು ಆ ಸದ್ದು ಅವಳ ಕಿವಿಗೆ ಬೀಳಲಿಲ್ಲ.

ದಿಬ್ಬದ ಹಿಂದೆ ಹರಿಗೋಲು ಇತ್ತು. ಒಂದೇ ಪಕ್ಕಕ್ಕೆ ಹುಟ್ಟು ಹಾಕಿದರೆ ಹರಿಗೋಲು ಮುಂದೆ ಹೋಗುವುದಿಲ್ಲ, ಬೀಸುಕಲ್ಲಿನ ಹಾಗೆ ನಿಂತಲ್ಲೇ ತಿರುಗುತ್ತದೆ. ಪಕ್ಕದ ಮನೆಯವಳು ಬೆಳಗಿನಿಂದ ಹಾಗೆ ತಿರುಗುತ್ತ, ತಿರುಗುತ್ತ, ಗಾಳಿ ತಳ್ಳಿದ ಕಡೆಗೆ ಬಂದಿದ್ದಳು. ಈಗ ಹುಟ್ಟೂ ಕೈಯಲ್ಲಿರಲಿಲ್ಲ. ಎದ್ದು ನಿಂತಿದ್ದಳು. ಕೈಯನ್ನು ಹಣೆಗೆ ಅಡ್ಡ ಹಿಡಿದು, ದೂರಕ್ಕೆ, ತಪ್ಪು ದಿಕ್ಕಿಗೆ ನೋಡುತ್ತ ನಿಂತಿದ್ದಳು.

"ಕೂತ್ಕೊಳ್ಳೇ!" ಅಂತ ದೋಣಿಯವಳು ಕೂಗಿದಳು. "ನಿಲ್ಲಬೇಡ, ಕೂತ್ಕೋ!"

ಪಕ್ಕದ ಮನೆಯವಳು ದನಿ ಬಂದ ಕಡೆಗೆ ತಿರುಗಿದಳು. ಕಂಡಳು. ಕಂಡವಳೇ ಎರಡೂ ಕೈ ಮೇಲಕ್ಕೆ ಎತ್ತಿದಳು. ಸಿಟ್ಟಿಗೆ ಎತ್ತಿದಳೋ ಸಂತೋಷಕ್ಕೆ ಎತ್ತಿದಳೋ, ಹರಿಗೋಲಿಗೆ ಅದು ತಿಳಿಯುವುದಿಲ್ಲ. ಅದು ಒಂದು ಕಡೆಗೆ ವಾಲಿತು, ಕವುಚಿಕೊಂಡಿತು. ಬಿಳಿ ಹಕ್ಕಿಗಳೆಲ್ಲ ಒಟ್ಟಿಗೆ ಎದ್ದವು.

ಆಗ ದೋಣಿಯವಳು ತನ್ನ ಕೈಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದಳು. ನೇರ ನುಗ್ಗಲಿಲ್ಲ, ನುಗ್ಗಿದರೆ ದೋಣಿಯೇ ತಲೆಗೆ ಬಡಿಯುತ್ತದೆ. ಬಳಸಿ, ಗಾಳಿಗೆ ಮೂತಿ ಕೊಟ್ಟು, ನಿಧಾನವಾಗಿ ಬಂದಳು. ತಾನು ನೀರಿಗೆ ಹಾರಲಿಲ್ಲ. ಸೊಂಟದ ಬುರುಡೆ ಬಿಚ್ಚಿ ಹಗ್ಗಕ್ಕೆ ಬಿಗಿದು ಎಸೆದಳು. "ಹರಿಗೋಲು ಬಿಡಬೇಡ, ಅದು ತೇಲುತ್ತೆ! ದಡ ನೋಡಬೇಡ, ನನ್ನ ನೋಡು! ಬುರುಡೆ ತಬ್ಬಿಕೋ!" ಮುಳುಗುವವಳ ಕೈ ಹರಿಗೋಲಿನ ಅಂಚಿನಿಂದ ಜಾರಿತು. ತಲೆ ಒಳಗೆ ಹೋಯಿತು. ನೀರು ಮುಚ್ಚಿಕೊಂಡಿತು. ಮುಚ್ಚಿದ ನೀರಿನ ಮೇಲೆ ಒಂದು ಗುಳ್ಳೆ, ಇನ್ನೊಂದು ಗುಳ್ಳೆ. ಆಮೇಲೆ ಹಗ್ಗ ಬಿಗಿಯಾಯಿತು.

ಪಕ್ಕದಿಂದ ಎಳೆದರೆ ದೋಣಿ ಇಬ್ಬರನ್ನೂ ಚೆಲ್ಲುತ್ತದೆ ಅಂತ ಹಿಂಬದಿಯಿಂದ ಎಳೆದುಕೊಂಡಳು. ಕಂಕುಳಿಗೆ ಕೈ ಹಾಕಿ, ನೆನೆದ ಮೂಟೆ ಎಳೆದ ಹಾಗೆ. ಪಕ್ಕದ ಮನೆಯವಳು ತಳದಲ್ಲಿ ಬಿದ್ದು ನೀರು ಕಾರಿದಳು. ನೀರೇ ಬಂತು, ಅನ್ನದ ಅಗುಳು ಒಂದೂ ಬರಲಿಲ್ಲ. ಬರುವುದಕ್ಕೆ ಹೊಟ್ಟೆಯಲ್ಲಿ ಇದ್ದರಲ್ಲವೇ.

ಕಣ್ಣು ಬಿಟ್ಟ ಮೇಲೆ ಅವಳು ದೋಣಿಯವಳ ಮೊಣಕೈ ಮುಟ್ಟಿ ನೋಡಿದಳು, ಭುಜ ಮುಟ್ಟಿ ನೋಡಿದಳು. ನಿಜವಾಗಿ ಇದ್ದಾಳೋ ಇಲ್ಲವೋ ಅಂತ. "ಎಲ್ಲಿಗೆ ಪೆಟ್ಟಾಯಿತೇ?" ಅಂದಳು. ಹೀರೇಬಳ್ಳಿ ಹಬ್ಬಿದ ಮೇಲೆ ಕಟ್ಟಳೆಯ ಹೊರಗೆ ಅವಳು ದೋಣಿಯವಳ ಕೂಡ ಆಡಿದ ಮೊದಲ ಮಾತು ಅದು.

ದೋಣಿಯವಳು ಏನು ಮಾಡಬೇಕೋ ತೋಚದೆ ಪೊಟ್ಟಣ ಬಿಚ್ಚಿ ಮುಂದೆ ಹಿಡಿದಳು. "ಹಸಿದಿದ್ದೀಯ. ಒಂದು ಚೂರು ತಿನ್ನು."

ಅದೊಂದು ತಪ್ಪು ನೋಡಿ. ಪಕ್ಕದ ಮನೆಯವಳು ಎಲೆಯಲ್ಲಿ ಹೆಪ್ಪುಗಟ್ಟಿದ ತುಪ್ಪ ನೋಡಿದಳು. ಪರಊರಿನ ಸೀರೆ ನೋಡಿದಳು. ಕೆನ್ನೆಯ ಅರಿಶಿನ ನೋಡಿದಳು. ಕೆಂಪಗೆ ರಂಗೇರಿದ ತುಟಿ ನೋಡಿದಳು. ದೋಣಿಯವಳ ಭುಜದ ಮೇಲಿದ್ದ ತನ್ನ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ದೋಣಿಯ ಆ ತುದಿಗೆ ಸರಿದು, ನೀರಿಗೆ ಮುಖ ಮಾಡಿ ಕೂತಳು. ದಡ ಬರುವವರೆಗೆ ನಡುಗುತ್ತಲೇ ಇದ್ದಳು.

ದಡದಲ್ಲಿ ಊರೇ ಸೇರಿತ್ತು. ಉಂಡು ಮಲಗಿ ಎದ್ದ ಊರು. ಕೈ ಹಿಡಿದು ಇಳಿಸಿದರು, ಕಂಬಳಿ ಹೊದೆಸಿದರು, ಹಿಂದೆ ಹಿಂದೆ ಬಂದರು. ಪಕ್ಕದ ಮನೆಯವಳು ಒಳಗೆ ಹೋಗಿ ತಣ್ಣಗಿದ್ದ ಒಲೆಯ ಮುಂದೆ ಕೂತಳು. ಅರೆಬೆಂದ ಅನ್ನ ಮಡಕೆಯಲ್ಲಿ ಹುಳಿತಿತ್ತು. ಯಾರೋ ತಮ್ಮ ಮನೆಯಿಂದ ಸೌಟಿನಲ್ಲಿ ಕೆಂಡ ತಂದು ಅವಳ ಪಕ್ಕದಲ್ಲಿ ಇಟ್ಟರು.

ದೋಣಿಯವಳು ಬಂದಳು. ಒದ್ದೆ ಕೈಯನ್ನು ಕಲ್ಲಿನ ಮೇಲೆ ಇಟ್ಟಳು. "ಬಂದೆ. ಹೊತ್ತಿಸು."

ಪಕ್ಕದ ಮನೆಯವಳು ಕೆಂಡ ಮುಟ್ಟಲಿಲ್ಲ.

ಕಲ್ಲಿನ ಮೇಲಿನ ಒದ್ದೆ ಒಣಗಿತು. ಒಣಗಿದ ಕೈಗೆ ಬೆಲೆಯಿಲ್ಲ. ದೋಣಿಯವಳು ದಡಕ್ಕೆ ಹೋಗಿ ಕೈ ಅದ್ದಿ ಬಂದಳು. ಜನ ದಾರಿ ಬಿಟ್ಟರು. "ಬಂದೆ. ಹೊತ್ತಿಸು." ಕೆಂಡದ ಮೇಲೆ ಬೂದಿ ಕವಿಯುತ್ತಿತ್ತು. ಮತ್ತೆ ಹೋದಳು, ಮತ್ತೆ ಅದ್ದಿದಳು, ಮತ್ತೆ ಬಂದಳು. ಈ ಸಲ ಜನ ದಾರಿ ಬಿಡಲಿಲ್ಲ, ಅವಳು ಬಂದದ್ದೇ ಕಾಣದವರ ಹಾಗೆ ನಿಂತಿದ್ದರು. ಆಗ ಅವಳಿಗೆ ಹೆದರಿಕೆಯಾಯಿತು. ಗಾಳಿಗೆ ಹೆದರದವಳು, ಅಲೆಗೆ ಹೆದರದವಳು, ಜನರ ತೋಳುಗಳ ನಡುವೆ ತೂರಿಕೊಂಡು ಬಂದು ಮಂಡಿಯೂರಿ ಎರಡೂ ಕೈ ಕಲ್ಲಿಗೆ ಒತ್ತಿದಳು.

"ಬಂದಿದ್ದೀನಿ ಕಣೇ. ಇಲ್ಲೇ ಇದ್ದೀನಲ್ಲೇ. ನಿನ್ನ ಕಾಲಿಗೆ ಬೀಳ್ತೀನಿ, ಹೊತ್ತಿಸು."

ಪಕ್ಕದ ಮನೆಯವಳು ತಲೆ ಎತ್ತಿದಳು. ಬಾವಿಕಟ್ಟೆಯ ಮುಖವಲ್ಲ ಅದು. ಕಣ್ಣಲ್ಲಿ ಕಣ್ಣಿಟ್ಟು, ದನಿ ಏರಿಸದೆ, ಅಷ್ಟು ಜನರ ಮುಂದೆ ಅಂದಳು:

"ನೀನು ಮುಳುಗಿ ಹೋಗಿದ್ದರೆ ಎದೆ ಬಡಿದುಕೊಂಡು ಅತ್ತು ಹಗುರಾಗ್ತಿದ್ದೆ ಕಣೇ. ಬದುಕಿದ್ದೂ ನನಗೆ ಹೇಳಿಕಳಿಸಲಿಲ್ಲವಲ್ಲ, ಅದನ್ನ ಯಾರ ಮುಂದೆ ಹೋಗಿ ಅಳಲಿ?"